ಎರಡು ಪುಟ ಸಾಕು. ಹೌದು, ಎರಡೇ ಪುಟ!

ನಮಸ್ಕಾರ ಸ್ನೇಹಿತರೇ. ಇವತ್ತು ಬೇರೆ ವಿಷಯ ಮಾತಾಡಬೇಕು ಅಂತಿದ್ದೆ. ಅದನ್ನು ಪಕ್ಕಕ್ಕೆ ಇಟ್ಟಿದ್ದೇನೆ. ಕಾರಣ, ಒಂದು ಕಾಮೆಂಟ್. ಹಿಂದಿನ ಸಂಚಿಕೆಯಲ್ಲಿ ದಿನಕ್ಕೆ ಎರಡು ಪುಟ ಓದಿದರೆ ಸಾಕು ಅಂದಿದ್ದೆ. ಅದಕ್ಕೆ ಒಬ್ಬರು ಬರೆದಿದ್ದಾರೆ: "ಎರಡು ಪುಟ ಅನ್ನೋದು ಮಕ್ಕಳಾಟ. ಓದಿದರೆ ದಿನಕ್ಕೆ ಒಂದು ಗಂಟೆ ಓದಬೇಕು. ಇಲ್ಲಾಂದ್ರೆ ಸುಮ್ನಿರಬೇಕು." ಅದಕ್ಕೆ ಬಿದ್ದಿರುವ ಲೈಕ್‌ಗಳನ್ನು ನೋಡಿ ಸಿಟ್ಟು ಇನ್ನೂ ಜಾಸ್ತಿ ಆಯಿತು.

ಇಲ್ಲಾಂದ್ರೆ ಸುಮ್ನಿರಬೇಕಂತೆ! ಈ ಮಾತು ಕೇಳಿಯೇ ಎಷ್ಟೋ ಜನ ಸುಮ್ಮನೆ ಕೂತಿದ್ದಾರೆ.

ನಾನು ಹೇಳುವುದು ಒಂದೇ ವಿಷಯ. ಹೊಸ ಅಭ್ಯಾಸ ಎಷ್ಟು ದೊಡ್ಡದಿರಬೇಕು ಅನ್ನುವುದನ್ನು ನಿಮ್ಮ ಕೆಟ್ಟ ದಿನ ನೋಡಿ ಗೊತ್ತುಮಾಡಿ. ಒಳ್ಳೆಯ ದಿನ ನೋಡಿ ಅಲ್ಲ. ಎಲ್ಲರೂ ಮಾಡುವುದು ಉಲ್ಟಾ. ಯಾವುದೋ ಭಾನುವಾರ ಚೆನ್ನಾಗಿ ನಿದ್ದೆ ಆಗಿರುತ್ತದೆ, ಮನಸ್ಸು ಹಗುರವಾಗಿರುತ್ತದೆ. ಆಗ ಕೂತು ಪಟ್ಟಿ ಬರೆಯುತ್ತಾರೆ. ಬೆಳಗ್ಗೆ ಐದಕ್ಕೆ ಏಳುವುದು, ಒಂದು ಗಂಟೆ ವ್ಯಾಯಾಮ, ಒಂದು ಗಂಟೆ ಓದು. ಆ ಪಟ್ಟಿ ಪಾಲಿಸಬೇಕಾದವರು ಯಾರು? ಗುರುವಾರ ರಾತ್ರಿ ಹತ್ತೂವರೆಗೆ ತಲೆನೋವು ಹಿಡಿದುಕೊಂಡು, ಯಾರ ಜೊತೆಗೋ ಜಗಳ ಆಡಿಕೊಂಡು, ದೀಪ ಆರಿಸಿದರೆ ಸಾಕಪ್ಪಾ ಅಂತ ಹಾಸಿಗೆಗೆ ಬೀಳುವ ಅದೇ ಮನುಷ್ಯ. ಅವನಿಗೆ ಒಂದು ಗಂಟೆ ಓದು ಅಂದರೆ ಪುಸ್ತಕದ ಕಡೆ ತಿರುಗಿಯೂ ನೋಡುವುದಿಲ್ಲ. ಎರಡು ಪುಟ ಅಂದರೆ? ಗೊಣಗಿಕೊಂಡಾದರೂ ಪುಸ್ತಕ ತೆಗೆಯುತ್ತಾನೆ. ಒಂದೂವರೆ ಪುಟಕ್ಕೆ ಕಣ್ಣು ಎಳೆಯುತ್ತದೆ, ಉಳಿದ ಅರ್ಧ ಓದಿ, ಗುರುತಿಗೆ ಚೀಟಿ ಇಟ್ಟು ಮಲಗುತ್ತಾನೆ. ಅವತ್ತಿನ ಲೆಕ್ಕ ಮುಗಿಯಿತು. ಪೂರ್ತಿ ಮುಗಿಯಿತು!

"ಹಾಗಾದರೆ 21 ದಿನ ಕಷ್ಟಪಟ್ಟರೆ ಆಯಿತಲ್ಲ, ಆಮೇಲೆ ತಾನಾಗಿ ಬರುತ್ತೆ" ಅನ್ನುವ ಇನ್ನೊಂದು ಗುಂಪಿದೆ. ಈ 21 ಎಲ್ಲಿಂದ ಬಂತು ಗೊತ್ತಾ? ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಅಂತ ಒಬ್ಬ ಅಮೆರಿಕದ ಪ್ಲಾಸ್ಟಿಕ್ ಸರ್ಜನ್. ಶಸ್ತ್ರಚಿಕಿತ್ಸೆ ಆದವರಿಗೆ ತಮ್ಮ ಹೊಸ ಮುಖ ಒಗ್ಗಿಕೊಳ್ಳಲು ಕಡಿಮೆ ಅಂದರೂ ಸುಮಾರು 21 ದಿನ ಬೇಕು ಅಂತ 1960ರಲ್ಲಿ ಬರೆದರು. ಜನ "ಕಡಿಮೆ ಅಂದರೂ" ಅನ್ನುವುದನ್ನು ನುಂಗಿಬಿಟ್ಟು, 21 ಒಂದನ್ನೇ ಹಿಡಿದುಕೊಂಡರು. ಮುಖ ಒಗ್ಗುವುದಕ್ಕೂ ಮುಂಜಾನೆ ಎದ್ದು ಓಡುವುದಕ್ಕೂ ಏನು ಸಂಬಂಧ?

ನಿಜವಾಗಿ ಅಳೆದು ನೋಡಿದವರು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲಾಲಿ ಮತ್ತು ಜೊತೆಗಾರರು. 96 ಜನ, 12 ವಾರ. ಪ್ರತಿಯೊಬ್ಬರೂ ಒಂದೇ ಒಂದು ಕೆಲಸ ಆರಿಸಿಕೊಂಡು, ದಿನಾ ಒಂದೇ ಸಂದರ್ಭದಲ್ಲಿ ಮಾಡಬೇಕು. ಆ 12 ವಾರದ ಲೆಕ್ಕವನ್ನೇ ಮುಂದಕ್ಕೆ ಎಳೆದು ಅವರು ಮಾಡಿದ, 2010ರಲ್ಲಿ ಅಚ್ಚಾದ ಅಂದಾಜಿನ ಪ್ರಕಾರ, ಅಭ್ಯಾಸ ತಾನಾಗಿ ನಡೆಯುವ ಮಟ್ಟಕ್ಕೆ ಬರಲು 18 ದಿನದಿಂದ 254 ದಿನದವರೆಗೆ ಬೇಕು. ನಡುವಿನ ಅಂಕೆ 66. ನನಗೆ ತುಂಬಾ ಇಷ್ಟವಾದ ಸಂಗತಿ ಇನ್ನೊಂದು: ನಡುವೆ ಒಂದು ದಿನ ತಪ್ಪಿದರೆ ಹೇಳಿಕೊಳ್ಳುವಂಥ ನಷ್ಟ ಏನೂ ಆಗಲಿಲ್ಲ.

ಈಗ ನೀವೇ ಹೇಳಿ. 254 ದಿನ ಅಂದರೆ ಎಂಟು ತಿಂಗಳ ಮೇಲಾಯಿತು. ಅಷ್ಟರಲ್ಲಿ ಜ್ವರ ಬರಲ್ವಾ? ಕೆಲಸದ ಒತ್ತಡ ಬರಲ್ವಾ? ಮನಸ್ಸು ಮುರಿಯುವ ಸುದ್ದಿ ಒಂದಾದರೂ ಬರಲ್ವಾ? ಬಂದೇ ಬರುತ್ತೆ. ಅದಕ್ಕೇ ಹೇಳಿದ್ದು, ಕೆಟ್ಟ ದಿನ ನೋಡಿ ಗೊತ್ತುಮಾಡಿ ಅಂತ!

ಅಂದಹಾಗೆ, ನೋಡುತ್ತಿರುವವರಲ್ಲಿ ತುಂಬಾ ಜನ ಇನ್ನೂ ಸಬ್‌ಸ್ಕ್ರೈಬ್ ಆಗಿಲ್ಲ. ಒಂದು ಗುಂಡಿ ಒತ್ತುವುದಷ್ಟೇ. ಇದಕ್ಕಿಂತ ಸಣ್ಣ ಕೆಲಸ ಬೇಕಾ?

"ದೊಡ್ಡ ಗುರಿ ಇದ್ದರೇ ಹುರುಪು" ಅನ್ನುವವರಿಗೆ ಒಂದು ಮಾತು. ಅದು ಹುರುಪಲ್ಲ, ಆರಂಭ ಶೂರತ್ವ. ಮೊದಲ ವಾರ ಹೊಸ ಶೂ, ಹೊಸ ಬಾಟಲಿ, ಹೊಸ ಆಪ್, ಸ್ಟೇಟಸ್‌ನಲ್ಲಿ ಫೋಟೋ. ಮೂರನೇ ವಾರ ಆ ಶೂ ಎಲ್ಲಿದೆ ಅಂತ ಅವರಿಗೇ ಗೊತ್ತಿರಲ್ಲ. ನನಗೆ ಹೊಟ್ಟೆ ಉರಿಯುವುದು ಆಮೇಲೆ ಅವರು ಹೇಳುವ ಮಾತಿಗೆ: "ನನ್ನ ಕೈಲಿ ಆಗಲ್ಲ, ನನಗೆ ಶಿಸ್ತಿಲ್ಲ." ಯಾರು ಹೇಳಿದ್ದು ನಿಮಗೆ? ಶಿಸ್ತಿದೆ. ಅಳತೆ ತಪ್ಪಾಗಿತ್ತು, ಅಷ್ಟೇ! ಸಣ್ಣದು ಮಾಡಿ. ಒಂದು ಗಂಟೆಯ ವ್ಯಾಯಾಮ ಬೇಡ, ಶೂ ಹಾಕಿಕೊಂಡು ಬಾಗಿಲಾಚೆ ಹೋಗಿ ಬನ್ನಿ. ಚೆನ್ನಾಗಿರುವ ದಿನ ಎಷ್ಟು ಬೇಕಾದರೂ ನಡೆಯಿರಿ, ಬೇಡ ಅಂದವರು ಯಾರು? ಆದರೆ ಲೆಕ್ಕಕ್ಕೆ ಹಿಡಿಯುವುದು ಬಾಗಿಲಾಚೆ ಇಟ್ಟ ಹೆಜ್ಜೆ ಮಾತ್ರ.

"ಬಾಗಿಲಾಚೆ ಹೋಗಿ ಬಂದರೆ ಹೊಟ್ಟೆ ಕರಗುತ್ತಾ?" ಅಂತ ಕೇಳುತ್ತೀರಿ. ಕರಗಲ್ಲ. ನಾಳೆಯೂ ಬಾಗಿಲಾಚೆ ಹೋಗುತ್ತೀರಿ. ನನಗೆ ಅದು ಸಾಕು. ಹನಿ ಹನಿ ಕೂಡಿದರೆ ಹಳ್ಳ ಅಂತ ಎಲ್ಲರೂ ಹೇಳುತ್ತಾರೆ, ಹನಿ ಸಣ್ಣದು ಅಂತ ಬೈಯುವುದೂ ಅವರೇ. ಕೆಟ್ಟ ದಿನ ನೋಡಿ ಸ್ವಾಮೀ, ಕೆಟ್ಟ ದಿನ! ಇನ್ನೆಷ್ಟು ಸಲ ಹೇಳಲಿ?

ಮುಂದಿನ ಸಂಚಿಕೆ ಬೇಡದ ಅಭ್ಯಾಸ ಬಿಡುವುದರ ಬಗ್ಗೆ. ಬೆಲ್ ಒತ್ತಿಡಿ. ಅಷ್ಟರಲ್ಲಿ ನೀವು ಶುರು ಮಾಡುವ ಒಂದು ಅಭ್ಯಾಸ ಕೆಳಗೆ ಬರೆಯಿರಿ, ಒಂದೇ ಸಾಲು ಸಾಕು, ನಾನೇ ಓದುತ್ತೇನೆ. ಒಂದು ಗಂಟೆ ಅಂತ ಬರೆದವರಿಗೆಲ್ಲ ನನ್ನ ಉತ್ತರ ಈಗಲೇ ಹೇಳಿಬಿಡುತ್ತೇನೆ: ಇನ್ನೂ ಸಣ್ಣದು ಮಾಡಿ. ಅದಕ್ಕೂ ಸಣ್ಣದು!