ಕಾರ್ಲೋಫ್ ಅವರ ಕೈ ನೋಡಿ

ಎಲ್ಲರಿಗೂ ನಮಸ್ಕಾರ. ರಕ್ಕಸ ವೇಷದ ಕಷ್ಟ ಏನೂಂತ ನಮ್ಮ ಮಂಗಳೂರು, ಉಡುಪಿ ಕಡೆಯವರಿಗೆ ಬೇರೆ ಹೇಳಬೇಕಾಗಿಲ್ಲ. ಯಕ್ಷಗಾನದ ಬಣ್ಣದ ವೇಷದವರು ಚೌಕಿಯಲ್ಲಿ, ಅಂದ್ರೆ ವೇಷ ಕಟ್ಟುವ ಕೋಣೆಯಲ್ಲಿ, ಗಂಟೆಗಟ್ಟಲೆ ಕೂತು ಮುಖಕ್ಕೆ ಚಿಟ್ಟಿ ಇಡುವುದನ್ನು ಇಣುಕಿ ನೋಡಿದವರೇ ಅಲ್ವಾ ನಾವೆಲ್ಲ? ಇವತ್ತು ಹೇಳಲು ಹೊರಟದ್ದು ಹಾಲಿವುಡ್‌ನ ಅಂಥದ್ದೇ ಒಬ್ಬ ವೇಷಧಾರಿಯ ಕಥೆ, ಬೋರಿಸ್ ಕಾರ್ಲೋಫ್.

ಹುಟ್ಟಿದ್ದು 1887ರಲ್ಲಿ, ಲಂಡನ್‌ನಲ್ಲಿ. ನಿಜವಾದ ಹೆಸರು ವಿಲಿಯಂ ಹೆನ್ರಿ ಪ್ರಾಟ್. ಮನೆತನಕ್ಕೆ ಭಾರತದ ನಂಟೂ ಇತ್ತು. ಕೆನಡಾಕ್ಕೆ ಹೋಗಿ ನಾಟಕ ಕಂಪೆನಿ ಸೇರಿದರು, ಆಮೇಲೆ ಹಾಲಿವುಡ್‌ನಲ್ಲಿ ಸಣ್ಣಪುಟ್ಟ ಪಾತ್ರ, ಹೊಟ್ಟೆಪಾಡಿಗೆ ಲಾರಿ ಓಡಿಸಿದ್ದೂ ಉಂಟು. ವಿಜ್ಞಾನಿಯೊಬ್ಬ ಹೆಣದ ತುಂಡುಗಳನ್ನು ಜೋಡಿಸಿ ರಕ್ಕಸನನ್ನು ಮಾಡುವ ‘ಫ್ರಾಂಕೆನ್‌ಸ್ಟೈನ್’ ಸಿನಿಮಾ 1931ರಲ್ಲಿ ಬಂತು, ಆ ರಕ್ಕಸನ ವೇಷ ಇವರದ್ದು. ಆಗ ವಯಸ್ಸು ನಲವತ್ತು ದಾಟಿತ್ತು.

ಜಾಕ್ ಪಿಯರ್ಸ್ ಅನ್ನುವವರು ದಿನಾ ಸುಮಾರು ನಾಲ್ಕು ಗಂಟೆ ಮೇಕಪ್ ಮಾಡ್ತಿದ್ದರು. ಕಣ್ಣು ತೀರಾ ಚುರುಕಾಗಿ ಕಾಣ್ತದೆ, ರೆಪ್ಪೆಗೆ ಮೇಣ ಹಚ್ಚಿ ಅಂದದ್ದು ಕಾರ್ಲೋಫ್ ಅವರೇ. ಕಟ್ಟಿಸಿದ ಹಲ್ಲು ತೆಗೆದಿಟ್ಟು ಒಂದು ಕೆನ್ನೆ ಗುಳಿ ಬೀಳುವ ಹಾಗೆ ಮಾಡಿಕೊಂಡರು. ಇಷ್ಟೆಲ್ಲ ಮಾಡಿದವರಿಗೆ ಸಿನಿಮಾದ ಶುರುವಿನಲ್ಲಿ ಸಿಕ್ಕಿದ್ದೇನು? ಹೆಸರಿನ ಜಾಗದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ!

ಜನ ಮೇಕಪ್ ಬಗ್ಗೆಯೇ ಜಾಸ್ತಿ ಮಾತಾಡ್ತಾರೆ. ನನ್ನನ್ನು ಕೇಳಿದರೆ ಅವರ ಕೈ ನೋಡಿ ಮಾರಾಯ್ರೇ. ಆ ರಕ್ಕಸನಿಗೆ ಒಂದೇ ಒಂದು ಮಾತಿಲ್ಲ, ಬರೀ ಗುರುಗುಟ್ಟುವುದು. ಮಾಡಿನ ಕಿಂಡಿ ತೆರೆದು ಮೊದಲ ಸಲ ಬೆಳಕು ಬಿದ್ದಾಗ ಎರಡೂ ಕೈ ಎತ್ತಿ ಅದನ್ನು ಹಿಡಿಯಲು ನೋಡ್ತಾನೆ, ಕಿಂಡಿ ಮುಚ್ಚಿದ ಮೇಲೂ ಆ ಖಾಲಿ ಕೈಗಳು ಚಾಚಿಕೊಂಡೇ ಇರ್ತವೆ. ಹೆದರಬೇಕೋ, ಪಾಪ ಅನ್ನಬೇಕೋ ಗೊತ್ತಾಗುವುದಿಲ್ಲ.

ಇನ್ನೊಂದು ಕಡೆ ಕೆರೆ ಬದಿಯಲ್ಲಿ ಪುಟ್ಟ ಹುಡುಗಿಯೊಬ್ಬಳು ಅವನ ಜೊತೆ ಕೂತು ಹೂ ತೇಲಿಬಿಡ್ತಾಳೆ. ಹೂ ಮುಗಿಯಿತು, ಇವಳೂ ತೇಲ್ತಾಳೆ ಅಂತ ಅವಳನ್ನೇ ಎತ್ತಿ ನೀರಿಗೆ ಹಾಕ್ತಾನೆ. ಅವಳು ಮುಳುಗಿದಾಗ ಗಾಬರಿಯಾಗುವುದೂ ಅವನಿಗೇ. ಕ್ರೂರ ಆಯ್ತು ಅಂತ ಸೆನ್ಸಾರ್‌ನವರು ಇದಕ್ಕೆ ಕತ್ತರಿ ಹಾಕಿದರು. ಆಗ ಏನಾಯ್ತು ಅಂದ್ರೆ, ಅವನು ಹುಡುಗಿಯತ್ತ ಕೈ ಚಾಚುವುದು ಕಾಣ್ತದೆ, ಆಮೇಲೆ ಅಪ್ಪ ಅವಳ ಹೆಣ ಹೊತ್ತು ತರುವುದು ಕಾಣ್ತದೆ, ನಡುವಿನದ್ದು ನೋಡುವವರ ತಲೆಗೆ ಬಿಟ್ಟದ್ದು. ತಲೆ ಸುಮ್ನೆ ಇರ್ತದಾ? ಕತ್ತರಿ ಹಾಕಿಯೇ ಅವನನ್ನು ಇನ್ನಷ್ಟು ಕೆಟ್ಟವನಾಗಿ ಮಾಡಿದರು. ಆ ತುಣುಕು ವಾಪಸ್ ಸೇರಿದ್ದು 1980ರ ದಶಕದಲ್ಲಿ. ನೋಡುವುದಾದರೆ ಅದನ್ನೇ ಹುಡುಕಿ ನೋಡಿ.

1935ರ ಮುಂದಿನ ಭಾಗದಲ್ಲಿ ರಕ್ಕಸನಿಗೆ ಮಾತು ಕೊಟ್ಟರು. ಕಾರ್ಲೋಫ್‌ಗೆ ಅದು ಹಿಡಿಸಲೇ ಇಲ್ಲ. ನನಗೇನೋ ಅದೂ ಇಷ್ಟ, ಕುರುಡ ಸನ್ಯಾಸಿಯ ಗುಡಿಸಲಿನಲ್ಲಿ ಕೂತು ಅವರು ಚುಟ್ಟಾ ಸೇದುವ ಗತ್ತು ನೋಡಿದರೆ ನಗು ತಡೆಯುವುದು ಕಷ್ಟ.