ಟೀಟಾ ಬೇಕಂತಲೇ ಮಾಡಿದ್ಲಾ? ಮದುವೆ ಕೇಕು, ಗುಲಾಬಿ ಸಾರು ಮತ್ತು ಐದು ಕೆಜಿ ಉಪ್ಪು

[ಪರದೆ ಮೇಲೆ: ಉದ್ದನೆಯ ಮದುವೆ ಮೇಜು, ನಡುವೆ ಬಿಳಿ ಕೇಕು]

ನಮಸ್ಕಾರ. ಒಂದು ಕಾದಂಬರಿಯಲ್ಲಿ ಬರೋ ಮದುವೆ ಊಟ. ಕೇಕಿನ ಮೊದಲ ತುತ್ತು ಬಾಯಿಗೆ ಹೋಗಿದ್ದೇ ತಡ, ಬಂದೋರೆಲ್ಲ ಅಳೋಕೆ ಶುರು ಮಾಡ್ತಾರೆ. ಒಬ್ಬೊಬ್ಬರಿಗೂ ಕೈತಪ್ಪಿ ಹೋದ ಪ್ರೀತಿ ನೆನಪಾಗುತ್ತೆ. ಗಂಡ ಸತ್ತಮೇಲೆ ಒಂದು ಹನಿ ಕಣ್ಣೀರು ಹಾಕದ ಮನೆಯೊಡತಿ ಕೂಡ ಬಿಕ್ಕುತ್ತಾಳೆ. ಅಳು ನಿಂತ ಮೇಲೆ ವಾಂತಿ. ಆ ಕೇಕು ಮಾಡಿದವಳು ಮದುಮಗಳ ತಂಗಿ ಟೀಟಾ. ಮದುಮಗ ಪೆದ್ರೊ, ಟೀಟಾ ಪ್ರೀತಿಸಿದ ಹುಡುಗ.

ಹೋದ ಸಲದ ವಿಡಿಯೋ ನೋಡಿದ ಒಬ್ಬರು ಕೇಳಿದ್ರು: 'ಇದನ್ನ ಅವಳು ಬೇಕಂತಲೇ ಮಾಡಿದ್ಲಾ?' ಅವತ್ತಿನಿಂದ ಈ ಪ್ರಶ್ನೆ ನನ್ನ ತಲೆಯಲ್ಲೇ ಕೂತಿದೆ.

ಹಿನ್ನೆಲೆ ಬೇಗ ಹೇಳಿಬಿಡ್ತೀನಿ. ಮೆಕ್ಸಿಕೋದ ಲಾರಾ ಎಸ್ಕಿವೆಲ್ 1989ರಲ್ಲಿ ಬರೆದ ಕಾದಂಬರಿ ಇದು, ಇಂಗ್ಲಿಷಿನಲ್ಲಿ 'ಲೈಕ್ ವಾಟರ್ ಫಾರ್ ಚಾಕೊಲೇಟ್'. ಅಮೆರಿಕದ ಗಡಿ ಹತ್ತಿರ, ಪಿಯೆದ್ರಾಸ್ ನೆಗ್ರಾಸ್ ಊರಿನ ಪಕ್ಕದ ಒಂದು ಜಾನುವಾರು ತೋಟ. ಮೆಕ್ಸಿಕೋದ ಕ್ರಾಂತಿಯ ಕಾಲ. ಆ ಮನೆತನದ ಕಟ್ಟಳೆ ಏನಂದ್ರೆ, ಕಿರಿಮಗಳು ಮದುವೆ ಆಗೋ ಹಾಗಿಲ್ಲ, ಅಮ್ಮ ಸಾಯೋವರೆಗೂ ಅವಳ ಸೇವೆ ಮಾಡಬೇಕು. ಟೀಟಾನ ಕೇಳೋಕೆ ಬಂದ ಪೆದ್ರೊಗೆ ಅಮ್ಮ ಎಲೆನಾ ಟೀಟಾಳ ಅಕ್ಕ ರೊಸೌರಾನ ಕೊಡ್ತೀನಿ ಅಂತಾಳೆ. ಟೀಟಾ ಇರೋ ಮನೆಯಲ್ಲೇ ಇರಬಹುದಲ್ಲ ಅಂತ ಅವನು ಒಪ್ಪಿಕೊಳ್ತಾನೆ. ಪುಸ್ತಕಕ್ಕೆ ಹನ್ನೆರಡು ಅಧ್ಯಾಯ, ಒಂದೊಂದು ತಿಂಗಳಿಗೆ ಒಂದೊಂದು ಅಡುಗೆ.

[ಪರದೆ ಮೇಲೆ: ಹೆಚ್ಚಿದ ಈರುಳ್ಳಿ, ಪಕ್ಕದಲ್ಲಿ ಉಪ್ಪಿನ ಚೀಲ]

ಈಗ ನನಗೆ ತುಂಬ ಇಷ್ಟವಾದ ಜಾಗಕ್ಕೆ ಬರ್ತೀನಿ: ಟೀಟಾ ಹುಟ್ಟಿದ ಗಳಿಗೆ. ಅಮ್ಮ ಈರುಳ್ಳಿ ಹೆಚ್ತಿರುತ್ತಾಳೆ. ಹೊಟ್ಟೆಯೊಳಗಿನ ಕೂಸು ಅದರ ಘಾಟಿಗೆ ಎಷ್ಟು ಜೋರಾಗಿ ಅಳುತ್ತೆ ಅಂದ್ರೆ, ಅಡುಗೆಯವಳು ನಾಚಾಗೆ ಕಿವಿ ಅರ್ಧ ಮಂದ, ಅವಳಿಗೂ ಕೇಳಿಸುತ್ತೆ. ಅಡುಗೆಮನೆ ಮೇಜಿನ ಮೇಲೇ ಹೆರಿಗೆ ಆಗುತ್ತೆ. ಕಣ್ಣೀರು ಮೇಜಿಂದ ಇಳಿದು ನೆಲದ ತುಂಬ ಹರಿಯುತ್ತೆ. ಮಧ್ಯಾಹ್ನ ಬಿಸಿಲಿಗೆ ಅದು ಆರಿದ ಮೇಲೆ ನಾಚಾ ನೆಲ ಗುಡಿಸ್ತಾಳೆ. ಸಿಕ್ಕಿದ್ದು ಉಪ್ಪು, ಐದು ಕೆಜಿ ಚೀಲದ ತುಂಬ. ಆ ಮನೆಯವರು ಎಷ್ಟೋ ದಿನ ಅದೇ ಉಪ್ಪು ಹಾಕಿ ಅಡುಗೆ ಮಾಡ್ಕೊಂಡು ತಿಂತಾರೆ!

ನಾನು ಲೆಕ್ಕ ಹಾಕಿ ನೋಡಿದೆ. ಕಣ್ಣೀರಿನಲ್ಲಿ ಉಪ್ಪು ಹೆಚ್ಚುಕಮ್ಮಿ 0.9 ಪರ್ಸೆಂಟ್. ಲೀಟರಿಗೆ ಸುಮಾರು 9 ಗ್ರಾಂ. ಐದು ಕೆಜಿ ಬೇಕಂದ್ರೆ 550 ಲೀಟರಿಗೂ ಸ್ವಲ್ಪ ಜಾಸ್ತಿ ಅಳಬೇಕು. ನಮ್ಮ ಮನೆಗಳ ತಾರಸಿ ಮೇಲಿನ 500 ಲೀಟರಿನ ಟ್ಯಾಂಕು ತುಂಬಿ ಹೊರಗೆ ಚೆಲ್ಲೋವಷ್ಟು. ಆದರೆ ಎಸ್ಕಿವೆಲ್ ಇದನ್ನ ಹೇಳೋ ಧಾಟಿ ನೋಡಿ. ಮನೆಯಲ್ಲಿ ಯಾರೂ 'ಅಯ್ಯೋ ಇದು ಹೇಗೆ ಸಾಧ್ಯ' ಅನ್ನಲ್ಲ. ಉಪ್ಪು ಸಿಕ್ತು, ಚೀಲಕ್ಕೆ ತುಂಬಿದ್ರು, ಸಾರಿಗೆ ಹಾಕಿದ್ರು, ಅಷ್ಟೆ. ಮಾಂತ್ರಿಕ ವಾಸ್ತವ, ಅಂದ್ರೆ ಆಗದ ಮಾತನ್ನ ದಿನನಿತ್ಯದ ಸಂಗತಿ ಹಾಗೆ ಹೇಳೋ ಶೈಲಿ, ಹೇಗಿರುತ್ತೆ ಅಂತ ಯಾರಾದ್ರೂ ಕೇಳಿದ್ರೆ ನಾನು ಈ ಒಂದು ಪುಟ ತೋರಿಸ್ತೀನಿ. ಮಾತು ಬರೋಕೆ ಮುಂಚೆನೇ ಆ ಹುಡುಗಿಯ ಅಳು ಮನೆಯವರ ತಟ್ಟೆ ಸೇರಿತ್ತು.

ಈಗ ಕೇಕಿನ ವಿಷಯ. ಅಕ್ಕನ ಮದುವೆ ಅಡುಗೆ ಟೀಟಾ ತಲೆಗೇ ಕಟ್ಟಿರ್ತಾರೆ. 180 ಜನಕ್ಕೆ ಕೇಕು, 170 ಮೊಟ್ಟೆ. ಮದುವೆ ಹಿಂದಿನ ರಾತ್ರಿ ನಾಚಾ ಹೇಳ್ತಾಳೆ, ಇವತ್ತೇ ಅತ್ತು ಮುಗಿಸು, ನಾಳೆ ಎಲ್ಲರೆದುರು ಅಳಬೇಡ ಅಂತ. ಕಣ್ಣೀರು ಹಿಟ್ಟಿಗೆ ಬೀಳುತ್ತೆ. ರುಚಿ ಕೆಟ್ಟಿದೆಯಾ ಅಂತ ನಾಚಾ ಬೆರಳಲ್ಲಿ ತೆಗೆದು ನೆಕ್ಕಿ ನೋಡ್ತಾಳೆ. ರುಚಿ ಕೆಟ್ಟಿಲ್ಲ. ಆದರೆ ಎಲೆನಾಳ ತಾಯಿ ಹಿಂದೆ ಓಡಿಸಿಬಿಟ್ಟಿದ್ದ ತನ್ನ ಹುಡುಗ ನೆನಪಾಗ್ತಾನೆ. ಮದುವೆ ಗದ್ದಲ ಎಲ್ಲ ಮುಗಿದ ಮೇಲೆ ನೋಡಿದ್ರೆ, ಅವನ ಫೋಟೋ ಹಿಡಿದುಕೊಂಡೇ ನಾಚಾ ತೀರಿಹೋಗಿರ್ತಾಳೆ.

ನನ್ನ ಉತ್ತರ ಇಲ್ಲೇ ಇದೆ. ತನ್ನನ್ನ ಸಾಕಿ ಬೆಳೆಸಿದ ಜೀವಾನ ಟೀಟಾ ಬೇಕಂತ ಕಳ್ಕೊಳ್ತಾಳಾ? ಇಲ್ಲ. ಇಷ್ಟಾದರೂ ಎಲೆನಾ ನಂಬಲ್ಲ. ಕೇಕಿಗೆ ಏನೋ ಬೆರೆಸಿದ್ದಾಳೆ ಅಂತ ಮಗಳು ಹಾಸಿಗೆ ಹಿಡಿಯೋ ಹಾಗೆ ಹೊಡೀತಾಳೆ. ಕಣ್ಣೀರು ಬಿಟ್ಟು ಬೇರೇನೂ ಬೆರೆಸಿಲ್ಲ ಅಂತ ಸಾಕ್ಷಿ ಹೇಳಬಹುದಾಗಿದ್ದವಳು ನಾಚಾ ಒಬ್ಬಳೇ. ಇನ್ನೊಂದು ವಿಷಯ: ಕೇಕಿನ ಮಾಯೆ ತಟ್ಟದೇ ಉಳಿದವಳು ಟೀಟಾ ಮಾತ್ರ. ಅವಳ ದುಃಖ ಅವಳಿಗೆ ಹೊಸದಲ್ಲವಲ್ಲ.

[ಪರದೆ ಮೇಲೆ: ಗುಲಾಬಿ ದಳ]

ಮಾರ್ಚ್ ಅಧ್ಯಾಯ. ಪೆದ್ರೊ ಕೊಟ್ಟ ಗುಲಾಬಿಗಳನ್ನ ಎಸೆದುಬಿಡು ಅಂತ ಅಮ್ಮ ಕಣ್ಣಲ್ಲೇ ಆಜ್ಞೆ ಮಾಡ್ತಾಳೆ. ಟೀಟಾ ಅವನ್ನ ಎದೆಗೆ ಒತ್ತಿಕೊಳ್ತಾಳೆ, ಮುಳ್ಳು ಚುಚ್ಚಿ ರಕ್ತ ಬರುತ್ತೆ. ಸತ್ತ ನಾಚಾಳ ದನಿ ಕಿವಿಯಲ್ಲಿ ಹಳೇ ಅಡುಗೆಯೊಂದನ್ನ ಹೇಳಿಕೊಡುತ್ತೆ: ಗುಲಾಬಿ ದಳದ ಸಾರಿನಲ್ಲಿ ಬೇಯಿಸಿದ ಲಾವಕ್ಕಿ. ಪೆದ್ರೊ ಮೈಮರೆತು ತಿಂತಾನೆ. ಅಡುಗೆ ಅದ್ಭುತ ಅಂತ ಎಲೆನಾಗೂ ಗೊತ್ತು, ಆದ್ರೂ ಸಿಡುಕಿ ಒಂದೇ ಮಾತು ಅಂತಾಳೆ: 'ಉಪ್ಪು ಜಾಸ್ತಿ'. ಆದರೆ ಬೆಂಕಿ ಹತ್ತಿಕೊಳ್ಳೋದು ಟೀಟಾಳ ಇನ್ನೊಬ್ಬ ಅಕ್ಕ ಹೆರ್ತ್ರೂದಿಸ್‌ಗೆ. ಸ್ನಾನಕ್ಕೆ ಹೋದ್ರೆ ಮೈಕಾವಿಗೆ ಬಚ್ಚಲಿನ ಮರದ ಗೋಡೆನೇ ಉರಿಯುತ್ತೆ. ಅವಳು ಬೆತ್ತಲೆ ಓಡ್ತಾಳೆ, ಕುದುರೆ ಮೇಲೆ ಬಂದ ಕ್ರಾಂತಿಕಾರಿ ಸೈನಿಕ ಅವಳನ್ನ ಎತ್ತಿಕೊಂಡು ಹೋಗ್ತಾನೆ. ಮುಂದೆ ಅವಳೇ ಸೇನೆಯಲ್ಲಿ ಜನರಲ್ ಆಗ್ತಾಳೆ! ಟೀಟಾ ಪೆದ್ರೊಗೆ ಬಡಿಸಿದ ಸಾರು ಹೆರ್ತ್ರೂದಿಸ್‌ನ ಮನೆಯಿಂದಲೇ ಬಿಡಿಸಿತು. ಇದನ್ನೂ ಯಾರೂ ಲೆಕ್ಕ ಹಾಕಿ ಮಾಡಿದ್ದಲ್ಲ.

ಟೈಮ್ ಆಗ್ತಾ ಬಂತು, ಆದರೆ ಎತ್ತಿನ ಬಾಲದ ಸೂಪಿನ ಮಾತು ಬಿಡೋಕಾಗಲ್ಲ. ರೊಸೌರಾಳ ಮಗು ತೀರಿಹೋದ ಸುದ್ದಿ ಬಂದಾಗ ಟೀಟಾ ಅಮ್ಮನ ಮೇಲೆ ತಿರುಗಿಬೀಳ್ತಾಳೆ, ಮನಸ್ಸು ಕದಡಿ ತಿಂಗಳುಗಟ್ಟಲೆ ಮಾತೇ ಆಡಲ್ಲ. ಕೆಲಸದ ಚೆಂಚಾ ತಂದ ಆ ಸೂಪಿನ ಒಂದು ಗುಟುಕಿಗೆ ನಾಚಾ ನೆನಪಾಗಿ ಅಳು ಒಡೆಯುತ್ತೆ, ಮಾತು ಮರಳುತ್ತೆ. ಆಮೇಲೆ ಪೆಟ್ಟಾಗಿ ಹಾಸಿಗೆ ಹಿಡಿದ ಅಮ್ಮನಿಗೆ ಟೀಟಾ ಅದೇ ಸೂಪು ಮಾಡಿ ಕೊಡ್ತಾಳೆ. ಎಲೆನಾಗೆ ಅದು ಕಹಿ. ಮಗಳು ವಿಷ ಹಾಕ್ತಿದ್ದಾಳೆ ಅಂತ ಕದ್ದುಮುಚ್ಚಿ ವಾಂತಿ ಮಾಡಿಸೋ ಔಷಧಿ ಕುಡೀತಾಳೆ, ಕೊನೆಗೆ ಆ ಔಷಧಿಯಿಂದಲೇ ಸಾಯ್ತಾಳೆ. ಒಂದೇ ಸೂಪು. ಟೀಟಾಳ ಕೈಗುಣದ ಬಗ್ಗೆ ಎಲ್ಲರೂ ಮಾತಾಡ್ತಾರೆ, ಉಣ್ಣೋರ ನಾಲಿಗೆ ಬಗ್ಗೆ ಯಾಕೋ ಯಾರೂ ಮಾತಾಡಲ್ಲ.

ಉಳಿದಿದ್ದು ಚುಟುಕಾಗಿ: 1992ರಲ್ಲಿ ಅಲ್ಫೊನ್ಸೊ ಅರಾವು ಇದನ್ನ ಸಿನಿಮಾ ಮಾಡಿದ್ರು, ಚಿತ್ರಕಥೆ ಎಸ್ಕಿವೆಲ್ ಅವರದೇ. 2022ರಲ್ಲಿ ಲಂಡನ್ನಿನ ರಾಯಲ್ ಬ್ಯಾಲೆಯವರು ನೃತ್ಯ ಮಾಡಿದ್ರು. ಮೊದಲು ಪುಸ್ತಕ ಓದಿ.

ಹಾಗಾದ್ರೆ ಟೀಟಾ ಬೇಕಂತ ಏನೂ ಮಾಡೇ ಇಲ್ವಾ? ಒಂದು ಸಂಶಯ ಉಳಿಯುತ್ತೆ. ತನ್ನ ಮಗಳು ಎಸ್ಪೆರಾನ್ಸಾ ಕೂಡ ಮದುವೆ ಆಗದೇ ತನ್ನ ಸೇವೆ ಮಾಡಬೇಕು ಅಂತ ರೊಸೌರಾ ಅಂದಾಗ, ಆ ಮಾತನ್ನ ಅವಳು ನುಂಗಿಕೊಳ್ಳಬೇಕಿತ್ತು, ಅದು ಅವಳ ಹೊಟ್ಟೆಯಲ್ಲೇ ಕೊಳೀಬೇಕಿತ್ತು ಅಂತ ಟೀಟಾ ಮನಸಾರೆ ಬಯಸ್ತಾಳೆ. ರೊಸೌರಾ ಮುಂದೆ ನರಳೋದು, ಸಾಯೋದು, ಎರಡೂ ಹೊಟ್ಟೆ ಕಾಯಿಲೆಯಿಂದಲೇ. ಅದೇ ಅಕ್ಕನಿಗೆ ಪಥ್ಯದ ಅಡುಗೆ ಹೇಳಿಕೊಡೋಳೂ ಟೀಟಾನೇ. ನನಗನ್ನಿಸೋದು, ಆ ಒಂದು ಸಲ ಅವಳು ಬೇಕಂತಲೇ ಬಯಸಿದ್ಲು, ಅದೂ ಒಲೆ ಹಚ್ಚದೇ. ಎಸ್ಪೆರಾನ್ಸಾಗೆ ಮದುವೆ ಆಗುತ್ತೆ, ಆ ಮದುವೆಗೂ ಅಡುಗೆ ಟೀಟಾಳದೇ, ಅವತ್ತು ಉಂಡೋರು ಯಾರೂ ಅಳಲಿಲ್ಲ.