ಗದ್ದಲದಲ್ಲಿ ಉಪಗ್ರಹವನ್ನು ಗುರುತಿಸುವ ಬಗೆ

ಮಾನ್ಯರೇ, ಕೋರಿಲೇಶನ್ (ಬಂದ ಸಿಗ್ನಲನ್ನು ತಿಳಿದ ಕೋಡಿನೊಡನೆ ಹೋಲಿಸಿ ಹೊಂದಿಕೆ ಅಳೆಯುವುದು), ಎಫ್‌ಎಫ್‌ಟಿ (ಸಿಗ್ನಲನ್ನು ಆವರ್ತನಗಳಾಗಿ ಬೇಗ ಬಿಡಿಸುವ ಲೆಕ್ಕವಿಧಾನ) ಇವುಗಳ ವಿಸ್ತಾರವಾದ ಪರಿಚಯ ಈ ಸಭೆಗೆ ಬೇಕಿಲ್ಲವೆಂದು ಭಾವಿಸಿ ನೇರವಾಗಿ ವಿಷಯಕ್ಕೆ ಬರುತ್ತೇನೆ. ಉಪಗ್ರಹ ಸಿಗ್ನಲ್‌ಗಳ ಅಕ್ವಿಸಿಶನ್ (ರಿಸೀವರ್ ಮೊದಲಿಗೆ ಸಿಗ್ನಲನ್ನು ಹುಡುಕಿ ಹಿಡಿಯುವ ಕೆಲಸ) ಕುರಿತ ನಮ್ಮ ಚರ್ಚೆಗಳೆಲ್ಲ ಹುಡುಕಾಟವನ್ನು ಎಷ್ಟು ಬೇಗ ಮುಗಿಸಬಹುದು ಎಂಬುದರ ಸುತ್ತಲೇ ನಡೆಯುತ್ತವೆ. ಸಿಕ್ಕಿದ್ದು ನಿಜಕ್ಕೂ ಉಪಗ್ರಹವೇ ಎಂದು ತೀರ್ಮಾನಿಸುವ ಕೆಲಸಕ್ಕೆ ಅದರ ಅರ್ಧದಷ್ಟು ಗಮನವೂ ಸಿಗುತ್ತಿಲ್ಲ ಎಂಬುದು ನನ್ನ ಅಳಲು.

ಸುಮಾರು 20,200 ಕಿಲೋಮೀಟರ್ ಎತ್ತರದಿಂದ 1575.42 ಮೆಗಾಹರ್ಟ್ಸ್‌ನಲ್ಲಿ ಹೊರಡುವ ಜಿಪಿಎಸ್‌ನ ಸಿ/ಎ (ನಾಗರಿಕ ಬಳಕೆಗೆ ತೆರೆದ) ಸಿಗ್ನಲ್ ನೆಲ ಮುಟ್ಟುವ ಹೊತ್ತಿಗೆ, 2 ಮೆಗಾಹರ್ಟ್ಸ್ ಅಗಲದ ರಿಸೀವರಿನ ಉಷ್ಣ ಗದ್ದಲಕ್ಕಿಂತ (ಶಾಖದಿಂದ ತಾನಾಗಿ ಹುಟ್ಟುವ ಅಡ್ಡ ಸಿಗ್ನಲಿಗಿಂತ) ಹೆಚ್ಚುಕಡಿಮೆ 50 ಪಟ್ಟು ಕ್ಷೀಣವಾಗಿರುತ್ತದೆ. 1 ಮಿಲಿಸೆಕೆಂಡಿಗೊಮ್ಮೆ ಮರುಕಳಿಸುವ, ಪ್ರತಿ ಉಪಗ್ರಹಕ್ಕೂ ಬೇರೆಯಾದ, 1023 ಚಿಪ್‌ಗಳ (+1 ಅಥವಾ −1 ಆದ ಅಂಶಗಳ) ಕೋಡ್ ಅದನ್ನು ಮೇಲೆತ್ತುತ್ತದೆ ನಿಜ. ಆದರೆ ಆ ಕೋಡ್ ಎಲ್ಲಿ ಆರಂಭವಾಯಿತು, ಡಾಪ್ಲರ್‌ನಿಂದಲೂ (ಉಪಗ್ರಹದ ಚಲನೆಯಿಂದಾಗುವ ಆವರ್ತನ ಬದಲಾವಣೆಯಿಂದಲೂ) ರಿಸೀವರಿನ ಗಡಿಯಾರದ ದೋಷದಿಂದಲೂ ಆವರ್ತನ ಎಷ್ಟು ಸರಿಯಿತು ಎಂಬುದು ಮೊದಲೇ ತಿಳಿದಿರುವುದಿಲ್ಲ. ಅರ್ಧ ಚಿಪ್‌ನ ಹೆಜ್ಜೆಯಲ್ಲಿ 2046 ಸ್ಥಾನಗಳು, ±10 ಕಿಲೋಹರ್ಟ್ಸ್ ವ್ಯಾಪ್ತಿಯಲ್ಲಿ 500 ಹರ್ಟ್ಸ್ ಅಂತರದ 41 ಆವರ್ತನಗಳು, ಒಟ್ಟು 83,886 ಕೋಶಗಳು, ಅಂದರೆ ಪರೀಕ್ಷಿಸಬೇಕಾದ ಸ್ಥಾನ-ಆವರ್ತನ ಜೋಡಿಗಳು. ಒಂದು ಆವರ್ತನದ ಎಲ್ಲ ಸ್ಥಾನಗಳನ್ನೂ ಎಫ್‌ಎಫ್‌ಟಿ ಒಟ್ಟಿಗೇ ಶೋಧಿಸಿಬಿಡುತ್ತದೆ. ಅದರ ವಿವರ ನಿಮಗೆ ಗೊತ್ತಿರುವುದೇ.

ಇಲ್ಲಿ ಒಬ್ಬ ವಿದ್ಯಾರ್ಥಿಯ ಪ್ರಸಂಗವನ್ನು ಹೇಳಲೇಬೇಕು. ತಾನೇ ಬರೆದ ಸಾಫ್ಟ್‌ವೇರ್ ರಿಸೀವರನ್ನು ಹೊತ್ತು ತಂದು, ‘ಸರ್, 32 ಉಪಗ್ರಹಗಳೂ ಸಿಕ್ಕಿವೆ’ ಎಂದು ಆತ ಸಂಭ್ರಮದಿಂದ ತೋರಿಸಿದ. ಪ್ರತಿ ಕೋಡಿಗೂ ಒಂದು ಎತ್ತರದ ಶಿಖರ, ಅದರ ಪಕ್ಕದಲ್ಲಿ ಡಾಪ್ಲರ್ ಮೌಲ್ಯ, ಎಲ್ಲವೂ ಅಚ್ಚುಕಟ್ಟು. ‘ಇವುಗಳಲ್ಲಿ ಭೂಮಿಯ ಆಚೆ ಬದಿಯಲ್ಲಿರುವವು ಯಾವುವಪ್ಪಾ?’ ಎಂದು ಕೇಳಿದೆ. ಸ್ವಲ್ಪ ಹೊತ್ತು ಪರದೆಯನ್ನೇ ನೋಡುತ್ತ ನಿಂತ. ಆಮೇಲೆ ಅವನೇ ಆಂಟೆನಾದ ತಂತಿ ಕಳಚಿ ಮತ್ತೆ ಓಡಿಸಿದ. ಆಗಲೂ 32! ಅವನ ಕೋರಿಲೇಶನ್‌ನಲ್ಲಿ ಒಂದು ತಪ್ಪೂ ಇರಲಿಲ್ಲ. ತಂತಿ ಕಳಚಿ ನೋಡಬೇಕೆಂದು ತಾನಾಗಿಯೇ ಹೊಳೆಯಿತಲ್ಲ, ಅದಕ್ಕಾಗಿ ಅವನನ್ನು ಈಗಲೂ ಮೆಚ್ಚುತ್ತೇನೆ.

ಕಾರಣ ಇಷ್ಟೇ. ಬರಿಯ ಗದ್ದಲ ಒಂದು ಕೋಶದಲ್ಲಿ ಮಿತಿ (ದಾಟಿದರೆ ಉಪಗ್ರಹ ಸಿಕ್ಕಿತೆಂದು ಘೋಷಿಸುವ ಮಟ್ಟ) ದಾಟುವ ಸಂಭವ ಸಾವಿರಕ್ಕೊಂದು ಇರಲಿ ಎಂದು ಆತ ಸರಾಸರಿ ಗದ್ದಲಶಕ್ತಿಯ 7 ಪಟ್ಟನ್ನು ಮಿತಿಯಾಗಿ ಇಟ್ಟಿದ್ದ. ಒಂದು ಕೋಶಕ್ಕೆ ಅದು ಸಾಕು. 83,886 ಕೋಶಗಳಲ್ಲಿ ಸುಮಾರು 84 ಕೋಶಗಳು ಸುಳ್ಳು ಹೇಳುತ್ತವೆ. ಅಷ್ಟು ಕೋಶಗಳ ನಡುವೆ ಗದ್ದಲದ ಅತಿ ಎತ್ತರದ ಶಿಖರವೇ ಸರಾಸರಿಯ 11 ಪಟ್ಟಿನ ಆಸುಪಾಸಿನಲ್ಲಿರುತ್ತದೆ. ಇಡೀ ಶೋಧದಲ್ಲಿ ತಪ್ಪು ಘೋಷಣೆಯ ಸಂಭವ ನೂರಕ್ಕೊಂದನ್ನು ಮೀರಬಾರದೆಂದರೆ ಮಿತಿ 16 ಪಟ್ಟಿಗೆ ಏರಬೇಕು. ತೆರೆದ ಆಕಾಶದಡಿಯ 45 ಡಿಬಿ-ಹರ್ಟ್ಸ್‌ನ (ಗದ್ದಲಕ್ಕೆ ಹೋಲಿಸಿದ ಸಿಗ್ನಲ್ ಬಲದ ಅಳತೆ) ಸಿಗ್ನಲ್ 1 ಮಿಲಿಸೆಕೆಂಡಿನಲ್ಲಿ, ನಷ್ಟಗಳನ್ನು ಬಿಟ್ಟರೆ, ಸುಮಾರು 32 ಪಟ್ಟು ಮುಟ್ಟುತ್ತದೆ. 35 ಡಿಬಿ-ಹರ್ಟ್ಸ್‌ನದು 3 ಪಟ್ಟಿಗೇ ನಿಲ್ಲುತ್ತದೆ. ಎಫ್‌ಎಫ್‌ಟಿ ಎಷ್ಟೇ ಚುರುಕಾಗಿದ್ದರೂ ಅದು ಕಾಣುವುದಿಲ್ಲ.

ಹಾಗಾದರೆ ಸಿಗ್ನಲನ್ನು ಹೆಚ್ಚು ಹೊತ್ತು ಕೂಡಿಸೋಣವೇ? 10 ಮಿಲಿಸೆಕೆಂಡ್ ಕೂಡಿಸಿದರೆ ಹತ್ತು ಪಟ್ಟು ಲಾಭವಿದೆ; ಆದರೆ ಆವರ್ತನದ ಹೆಜ್ಜೆ 50 ಹರ್ಟ್ಸ್‌ಗೆ ಕಿರಿದಾಗಿ ಕೋಶಗಳೂ ಹತ್ತು ಪಟ್ಟಾಗುತ್ತವೆ, ಮಿತಿಯ ಲೆಕ್ಕವನ್ನು ಮತ್ತೆ ಮಾಡಬೇಕಾಗುತ್ತದೆ. 20 ಮಿಲಿಸೆಕೆಂಡಿಗೊಮ್ಮೆ ಸಿಗ್ನಲ್ ಹೊತ್ತು ತರುವ ಡೇಟಾ ಬಿಟ್ ತಿರುಗಿ (ಚಿಹ್ನೆ ಬದಲಿಸಿ) ಕೂಡಿಸಿದ್ದನ್ನು ಅಳಿಸಬಹುದಾದ್ದರಿಂದ ಅಕ್ಕಪಕ್ಕದ ಎರಡು 10 ಮಿಲಿಸೆಕೆಂಡ್ ತುಂಡುಗಳನ್ನು ಬೇರೆಬೇರೆಯಾಗಿ ಪರೀಕ್ಷಿಸುವುದು ಒಳ್ಳೆಯದು. ಅವುಗಳಲ್ಲಿ ಒಂದಾದರೂ ತಿರುವಿನಿಂದ ಮುಕ್ತವಾಗಿರುತ್ತದೆ. ಇಂಥ ತುಂಡುಗಳ ಫಲಿತಾಂಶಗಳನ್ನು ವರ್ಗ ಮಾಡಿ ಕೂಡಿಸುವ ದಾರಿಯಲ್ಲಿ ಆಗುವ ನಷ್ಟದ ಬಗ್ಗೆ ವಿಸ್ತಾರವಾಗಿ ಹೇಳಬೇಕೆಂದಿದ್ದೆ, ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಪ್ರಬಲ ಉಪಗ್ರಹವೊಂದು ಬೇರೆ ಕೋಡಿನಲ್ಲಿ ಸುಮಾರು 24 ಡೆಸಿಬೆಲ್ ಕೆಳಗೆ ಮೂಡಿಸುವ ಸುಳ್ಳು ಶಿಖರದ ವಿಚಾರವನ್ನೂ ಹೆಸರಿಸಿ ಬಿಡುತ್ತೇನೆ.

ಕೊನೆಯದಾಗಿ ಒಂದು ಮಾತು. ಮೊಬೈಲ್ ಜಾಲದಿಂದ ಬರುವ ನೆರವಿನ ಮಾಹಿತಿಯನ್ನು (ಯಾವ ಉಪಗ್ರಹ ಎಲ್ಲಿದೆ ಎಂಬಂಥ ಸುಳಿವುಗಳನ್ನು) ವೇಗಕ್ಕಾಗಿ ಮಾತ್ರ ಹೊಗಳುತ್ತೇವೆ. ಅದು ಆವರ್ತನಗಳನ್ನು 41ರಿಂದ 3ಕ್ಕೆ ಇಳಿಸಿದರೆ 6,138 ಕೋಶಗಳು ಉಳಿಯುತ್ತವೆ. ತಪ್ಪಿನ ಸಂಭವ ಅಷ್ಟೇ ಇದ್ದರೂ ಮಿತಿಯನ್ನು 16ರಿಂದ 13 ಪಟ್ಟಿಗೆ ತಗ್ಗಿಸಬಹುದು. ಹುಡುಕುವ ಜಾಗ ಕಿರಿದಾದಷ್ಟೂ ಇನ್ನಷ್ಟು ಕ್ಷೀಣವಾದ ಉಪಗ್ರಹವನ್ನು ಧೈರ್ಯದಿಂದ ಒಪ್ಪಿಕೊಳ್ಳಬಹುದು. ಪ್ರಶ್ನೆಗಳಿದ್ದರೆ ಈ ಲೆಕ್ಕದಿಂದಲೇ ಆರಂಭಿಸೋಣ.